ಗುಡುಗು ಸುಮ್ಮನಾದ ಮೇಲೆ

ಮುಖ ತೊಳೆಯುವ ಮೊದಲೇ ಕಂಪ್ಯೂಟರಿನ ಗುಂಡಿ ಒತ್ತುವುದು ಅವಳಿಗೆ ಯಾವಾಗ ಅಭ್ಯಾಸವಾಯಿತೋ ನೆನಪಿಲ್ಲ. ಮೇಜಿನ ಕೆಳಗೆ ಗೋಡೆಗೆ ಒತ್ತಿಕೊಂಡು ನಿಂತಿದ್ದ ಕಪ್ಪು ಪೆಟ್ಟಿಗೆ ಒಂದು ಸಲ ಉಸಿರು ಎಳೆದುಕೊಂಡು ಶುರುವಾಯಿತು. ಮೊದಲು ಹಿಂಬದಿಯ ದೊಡ್ಡ ಫ್ಯಾನು, ಅದರ ಬೆನ್ನಿಗೇ ಒಳಗಿನ ಸಣ್ಣದು, ಆಮೇಲೆ ಎರಡೂ ಒಂದನ್ನೊಂದು ಹುಡುಕಿಕೊಂಡು ಒಂದೇ ಶ್ರುತಿಗೆ ಇಳಿಯುತ್ತಿದ್ದವು. ಆ ಇಳಿಯುವ ಗಳಿಗೆಯನ್ನು ಅವಳು ದಿನವೂ ತಲೆ ಓರೆ ಮಾಡಿ ಕಾಯುತ್ತಿದ್ದಳು. ಇವತ್ತೂ ಕಾದಳು. ಪರದೆ ಬೆಳಗಿತು, ಕಂಪ್ಯೂಟರ್ ಹುಚ್ಚಿನವರು ಬರೆದಾಡುವ ಫೋರಂ ತೆರೆಯಿತು. ಅವಳು ಮಲಗಿದ್ದಾಗ ಜನ ಸುಮ್ಮನೆ ಕೂತಿರಲಿಲ್ಲ. ಲ್ಯಾಪ್‌ಟಾಪು ಬಂದು ಡೆಸ್ಕ್‌ಟಾಪನ್ನು ಕೊಂದಿತೋ ಇಲ್ಲವೋ ಎಂಬ ಹಳೇ ವ್ಯಾಜ್ಯ ಮತ್ತೆ ಮೊದಲಿಂದ ಶುರುವಾಗಿತ್ತು. ಕೀಬೋರ್ಡು ಬಿಟ್ಟು ಬೇರೆ ಯಾವುದರಲ್ಲಿ ಗೇಮ್ ಆಡುವವನೂ ಆಟಗಾರನೇ ಅಲ್ಲ ಎಂದು ಕರಿಬೆಕ್ಕು ಎಂಬ ಹೆಸರಿನವನು ತೀರ್ಪು ಕೊಟ್ಟಿದ್ದ. ಅದಕ್ಕೆ ಒಂಟಿಸಲಗ ಎಂಬವನು ಅವನ ವಂಶದವರನ್ನೆಲ್ಲ ಎಳೆದು ತಂದಿದ್ದ. ಎಲ್ಲರೂ ಇದ್ದರು. ಗುಡುಗು ಮಾತ್ರ ಇರಲಿಲ್ಲ. ವಾರದಿಂದ ಇಲ್ಲ.

ಫೋರಂನಲ್ಲಿ ಅವಳ ಹೆಸರು ಮೌನಿ. ಆ ಹೆಸರು ಇಟ್ಟುಕೊಂಡಾಗ ಏನೂ ಯೋಚಿಸಿರಲಿಲ್ಲ, ಆದರೆ ಅಲ್ಲಿನವರೆಲ್ಲ ಅವಳನ್ನು ಗಂಡಸೆಂದೇ ತಿಳಿದರು. ಮೌನಿ ಅಣ್ಣ, ಮೌನಿ ಗುರುವೇ, ಲೋ ಮೌನಿ. ತಿದ್ದಬೇಕೆಂದು ಮೊದಲು ಅನ್ನಿಸಿತ್ತು, ಆಮೇಲೆ ಆ ಗಂಡಸಿನ ಅಂಗಿ ಮೈಗೆ ಚೆನ್ನಾಗಿ ಕೂತಿತು. ಅದನ್ನು ತೊಟ್ಟಾಗ ಅವಳ ಮಾತಿಗೆ ಒಂದು ಒರಟುತನ ಬರುತ್ತಿತ್ತು. ಕ್ಲಿನಿಕ್ಕಿನಲ್ಲಿ ದಿನವಿಡೀ ಮೆತ್ತಗೆ, ಬಿಡಿಸಿ ಬಿಡಿಸಿ ಮಾತಾಡಿ ಸವೆದ ನಾಲಿಗೆಗೆ ಅದೊಂದು ಬಿಡುವು. ಅವಳ ಹಟವೆಲ್ಲ ಒಂದೇ ವಿಷಯಕ್ಕೆ. ಕಂಪ್ಯೂಟರ್ ಎಷ್ಟು ವೇಗವಾಗಿದೆ ಎನ್ನುವುದಕ್ಕಿಂತ ಎಷ್ಟು ನಿಶ್ಶಬ್ದವಾಗಿದೆ ಎನ್ನುವುದು ಮುಖ್ಯ. ಫ್ಯಾನಿನ ರೆಕ್ಕೆಯ ಅಳತೆ, ಪೆಟ್ಟಿಗೆಯ ಒಳಗೆ ಅಂಟಿಸುವ ಸ್ಪಂಜು, ಕೆಳಗೆ ಕೊಡುವ ರಬ್ಬರಿನ ಕಾಲು, ಹೀಗೆ ಪುಟಗಟ್ಟಲೆ ಬರೆಯುತ್ತಿದ್ದಳು. ಅದಕ್ಕೆ ಗುಡುಗು ಬೆನ್ನು ಬಿಡದೆ ಎದುರು ಬರೆಯುತ್ತಿದ್ದ. ಸ್ವಾಮೀ ಮೌನಿ, ಫ್ಯಾನಿನ ಶಬ್ದ ಅನ್ನುವುದು ಹೊಟ್ಟೆ ತುಂಬಿದವರ ಕಾಯಿಲೆ. ನನ್ನ ಡಬ್ಬ ಹತ್ತು ವರ್ಷದ್ದು, ಧೂಳು ಕುಡಿದು ಕೂತಿದೆ, ಒಂದು ಪಿಸುಮಾತೂ ಆಡುವುದಿಲ್ಲ. ಇಲ್ಲದ ಭೂತಕ್ಕೆ ಯಾಕೆ ಮಂತ್ರ ಹಾಕುತ್ತೀರಿ? ಹತ್ತು ವರ್ಷದ ಡಬ್ಬ ಸದ್ದು ಮಾಡುವುದಿಲ್ಲವೆಂದರೆ ಹೇಗೆ ಸಾಧ್ಯ ಎಂದು ಅವಳು ಮೂರ್ನಾಲ್ಕು ಸಲ ಸಮಾಧಾನವಾಗಿಯೇ ಕೇಳಿದ್ದಳು. ಕೊನೆಗೊಂದು ಸಂಜೆ, ಒಬ್ಬ ರೋಗಿ ಅವಳ ಮೇಲೆ ರೇಗಿ ಹೋದ ದಿನ, ಬರೆದುಬಿಟ್ಟಳು: ಗುಡುಗು ಅವರೇ, ಕಿವುಡರಿಗೆ ಎಲ್ಲ ಕಂಪ್ಯೂಟರೂ ನಿಶ್ಶಬ್ದವೇ. ಮೊದಲು ಹೋಗಿ ಕಿವಿ ತೋರಿಸಿಕೊಳ್ಳಿ.

ನಗುವ ಮುಖಗಳು ಸಾಲುಗಟ್ಟಿ ಬಂದು ಬಿದ್ದವು. ಅದಾದ ಮೇಲೆ ಗುಡುಗು ಒಂದಕ್ಷರ ಬರೆದಿರಲಿಲ್ಲ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಆಡಿದ ಮಾತು ಎಲ್ಲಿಗೂ ಹೋಗುವುದಿಲ್ಲ, ಇಟ್ಟ ಕಡೆಯೇ ಕೂತಿರುತ್ತದೆ. ಅವಳು ಆ ಸಾಲಿನ ತನಕ ಹೋಗಿ ಬೆರಳು ಇಟ್ಟು ನೋಡಿದಳು. ಅಳಿಸಬಹುದಿತ್ತು, ಅಳಿಸಲಿಲ್ಲ. ಯಾಕೆಂದು ಕೇಳಿಕೊಂಡಾಗ ಸಿಕ್ಕಿದ ಉತ್ತರ ಅವಳಿಗೇ ಹಿಡಿಸಲಿಲ್ಲ. ಸಾಲು ಚೆನ್ನಾಗಿತ್ತು.

"ಹೊಸ ಚಿಪ್ ಬಂತಂತೆ ಕಣೇ," ಎಂದು ಗಂಡ ಊಟದ ಮೇಜಿನಿಂದ ಕೂಗಿದ. ಬೆಳಗ್ಗೆ ಬ್ರೆಡ್ಡಿನ ತಟ್ಟೆಯ ಪಕ್ಕ ಫೋನು ಒರಗಿಸಿಕೊಂಡು ತಂತ್ರಜ್ಞಾನದ ಸುದ್ದಿಯನ್ನು ಗಟ್ಟಿಯಾಗಿ ಓದುವುದು ಅವನ ರೂಢಿ. "ಅರ್ಧ ಕರೆಂಟಿಗೆ ಎರಡರಷ್ಟು ಕೆಲಸ ಮಾಡುತ್ತಂತೆ."

"ಅಂತೆ ಕಂತೆ," ಎಂದಳು ಅವಳು, ಚಹಾ ಬಗ್ಗಿಸಿಕೊಳ್ಳುತ್ತ. "ಹೋದ ವರ್ಷದ್ದೂ ಹಂಗೇ ಅಂದಿದ್ರು."

"ನೀನೂ ಆ ಮೌನಿ ಥರಾನೇ ಆದೆ. ಅವನೂ ಯಾವುದಕ್ಕೂ ಹೂಂ ಅನ್ನಲ್ಲ." ಅವನು ಫೋರಂ ಓದುತ್ತಿದ್ದ, ಬರೆಯುತ್ತಿರಲಿಲ್ಲ. ಮೌನಿ ಯಾರೆಂದು ಅವನಿಗೂ ಗೊತ್ತಿರಲಿಲ್ಲ. "ಆದ್ರೂ ಅವನು ಆ ಗುಡುಗನ ಬಾಯಿ ಮುಚ್ಚಿಸಿದ್ದು ನೋಡು. ಕಿವುಡರಿಗೆ ಎಲ್ಲ ಕಂಪ್ಯೂಟರೂ ನಿಶ್ಶಬ್ದವೇ." ಅವನು ಇನ್ನೊಮ್ಮೆ ನಕ್ಕ. ಆ ಸಾಲನ್ನು ಅವನು ಹೀಗೆ ಹೇಳಿ ನಗುತ್ತಿದ್ದುದು ಇದೇ ಮೊದಲಲ್ಲ. ಮೊದಲ ಸಲ ಕೇಳಿದಾಗ ಅವಳ ಬೆನ್ನು ತಾನಾಗಿ ನೆಟ್ಟಗಾಗಿತ್ತು, ಹೊಗಳಿಸಿಕೊಂಡ ಶಾಲೆಯ ಹುಡುಗಿಯ ಹಾಗೆ. ಈಗ ಬಾಯಲ್ಲಿದ್ದ ಚಹಾ ಬರೀ ಬಿಸಿನೀರಿನಂತೆ ಇಳಿಯಿತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಎದುರಿಗೆ ಕೂತಿದ್ದ ಇಬ್ಬರು ಹೆಂಗಸರು ಏನೋ ಮಾತಾಡುತ್ತಿದ್ದರು. ಎಂಜಿನ್ನಿನ ಗದ್ದಲದಲ್ಲಿ ಅವರ ತುಟಿ ಮಾತ್ರ ಕಾಣುತ್ತಿತ್ತು. ಚಿಕ್ಕಂದಿನಲ್ಲಿ ಹೀಗೆ ತುಟಿ ಮಾತ್ರ ಆಡುತ್ತಿದ್ದುದು ಅವಳದ್ದು ಮತ್ತು ಅವಳ ಅಣ್ಣನದ್ದು. ಎದುರಿಗೆ ಕೂತದ್ದು ಚಿಕ್ಕಮ್ಮ. ಚಿಕ್ಕಮ್ಮನಿಗೆ ಕಿವಿ ಮಂದ. ಮನೆಯವರೆಲ್ಲ ನಕ್ಕ ಮೇಲೆ ಒಂದು ಗಳಿಗೆ ತಡವಾಗಿ ನಗುವವಳು. ಮಕ್ಕಳಿಬ್ಬರೂ ದನಿಯೇ ಹೊರಡಿಸದೆ ಅವಳ ಮುಂದೆ ಬಾಯಿ ಆಡಿಸುತ್ತಿದ್ದರು, ಕೈ ತಿರುಗಿಸುತ್ತ, ಹುಬ್ಬು ಏರಿಸುತ್ತ, ಏನೋ ದೊಡ್ಡ ಸಮಾಚಾರ ಹೇಳುವವರ ಹಾಗೆ. ಚಿಕ್ಕಮ್ಮ ಗಮನವಿಟ್ಟು ನೋಡಿ, "ಹೌದು ಹೌದು, ಅದು ನಿಜಾನೇ," ಎನ್ನುವಳು. ಅಣ್ಣ ಉರುಳಿ ಬಿದ್ದು ನಗುತ್ತಿದ್ದ. ಅವಳಿಗೆ ನಗುವಿನ ಜೊತೆಗೇ ಇನ್ನೊಂದು ಕುತೂಹಲವೂ ಇರುತ್ತಿತ್ತು: ಏನೂ ಹೇಳದಿದ್ದಾಗ ಚಿಕ್ಕಮ್ಮ ಯಾವುದಕ್ಕೆ ಹೌದು ಅಂದಳು? ಅವಳ ತಲೆಯೊಳಗೆ ಆಗ ಯಾವ ಮಾತು ಕೇಳಿಸಿತು? ಅದಕ್ಕೇ ಈ ಕಿವಿ ಪರೀಕ್ಷೆಯ ಕಸುಬಿಗೆ ಬಂದೆ ಎಂದು ಹೇಳಿದರೆ ಕಥೆ ಚೆಂದವಾಗುತ್ತಿತ್ತು. ನಿಜ ಅಂದರೆ ಆ ವರ್ಷ ಬೇರೆ ಯಾವ ಕೋರ್ಸಿಗೂ ಅವಳಿಗೆ ಸೀಟು ಸಿಕ್ಕಿರಲಿಲ್ಲ. ಗುಡುಗನಿಗೆ ಎಷ್ಟು ವಯಸ್ಸಿರಬಹುದು, ಬರೆಯುವಾಗ ಕುರ್ಚಿಯಲ್ಲಿ ಹೇಗೆ ಕೂರುತ್ತಾನೆ, ಆ ಸಾಲನ್ನು ಎಷ್ಟು ಹೊತ್ತು ನೋಡಿರಬಹುದು? ಬಸ್ಸು ಅವಳ ನಿಲ್ದಾಣ ದಾಟಿ ಮುಂದಕ್ಕೆ ಹೋಗಿತ್ತು. ಅಲ್ಲಿಂದ ಬಿಸಿಲಲ್ಲಿ ನಡೆದು ಬಂದಳು.

ಕ್ಲಿನಿಕ್ಕಿನ ಅವಳ ಕೋಣೆಯಲ್ಲಿ ಇನ್ನೊಂದು ಪುಟ್ಟ ಕೋಣೆ. ದಪ್ಪ ಬಾಗಿಲು, ಒಳಗೋಡೆಗೆಲ್ಲ ಬೂದು ಬಣ್ಣದ ಮೆತ್ತೆ, ನಡುವೆ ಒಂದು ಗಾಜಿನ ಕಿಟಕಿ. ರೋಗಿ ಒಳಗೆ ಹೆಡ್‌ಫೋನು ಹಾಕಿಕೊಂಡು ಕೂರಬೇಕು. ಸದ್ದು ಕೇಳಿದಾಗೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಹೊರಗೆ ಅವಳ ಮೇಜು, ಸದ್ದು ಕಳಿಸುವ ಯಂತ್ರ, ನೆಲದ ಮೇಲೆ ಕ್ಲಿನಿಕ್ಕಿನ ಹಳೇ ಕಂಪ್ಯೂಟರು. ಅದರ ಫ್ಯಾನು ಗೊರಗುಟ್ಟುತ್ತದೆಂದು ಅವಳು ಎಷ್ಟೋ ಅರ್ಜಿ ಬರೆದಿದ್ದಳು.

ಮಧ್ಯಾಹ್ನದ ಊಟಕ್ಕೆ ಮುಂಚೆ ಒಬ್ಬ ಗಂಡ ಹೆಂಡತಿ ಬಂದರು. ಗಂಡಸು ಎತ್ತರದ ಆಳು, ಅರವತ್ತು ದಾಟಿದವರು, ಬಿಸಿಲು ತಿಂದ ಕುತ್ತಿಗೆ, ಎದೆ ಮುಂದಕ್ಕೆ ಮಾಡಿ ನಡೆಯುವ ಠೀವಿ. ಶಾಲೆಯಲ್ಲಿ ಆಟದ ಮೇಷ್ಟ್ರಾಗಿದ್ದವರು, ರಜಾದಿನಗಳಲ್ಲಿ ಫುಟ್‌ಬಾಲಿಗೆ ರೆಫರಿ. ಇದನ್ನೆಲ್ಲ ಹೇಳಿದ್ದು ಹೆಂಡತಿ.

"ಜೀವಮಾನ ಪೂರ್ತಿ ಬಾಯಲ್ಲಿ ಸೀಟಿ ಇತ್ತು ಮೇಡಂ. ಈಗ ಸೊಪ್ಪು ತನ್ನಿ ಅಂದ್ರೆ ಉಪ್ಪು ತರ್ತಾರೆ. ನಾನು ಗೊಣಗ್ತೀನಂತೆ, ಬಿಡಿಸಿ ಮಾತಾಡಲ್ವಂತೆ. ಜಾಣ ಕಿವುಡು ಅಂದ್ಕೊಂಡು ನಾನೂ ಸುಮ್ನಿದ್ದೆ."

"ಗೊಣಗ್ತಾಳೆ," ಎಂದರು ಮೇಷ್ಟ್ರು ಅವಳ ಕಡೆ ತಿರುಗಿ, ನ್ಯಾಯ ಕೇಳುವವರ ಹಾಗೆ.

"ಮಕ್ಕಳು ಹೇಳಿದ್ರು, ತಂಗಿ ಹೇಳಿದ್ಲು, ಊಹೂಂ. ಈಗ ಯಾರೋ ಕಂಪ್ಯೂಟರ್‌ನಲ್ಲಿ ಗುರುತು ಪರಿಚಯ ಇಲ್ದವನು ಬೈದನಂತೆ. ಒಂದು ವಾರ ಮುಖ ಊದಿಸ್ಕೊಂಡು ಕೂತಿದ್ರು. ಇವತ್ತು ಬೆಳಗ್ಗೆ ಎದ್ದವರೇ ನಡಿ ಅಂದ್ರು."

ಅವಳು ಮೇಷ್ಟ್ರ ಕಿವಿಯೊಳಗೆ ದೀಪ ಹಾಕಿ ನೋಡುತ್ತಿದ್ದಳು. ಕಿವಿಯ ತಮಟೆ ಬೆಳ್ಳಗೆ, ಆರೋಗ್ಯವಾಗಿ, ಮುತ್ತಿನ ಚಿಪ್ಪಿನ ಒಳಮೈಯಂತೆ ಹೊಳೆಯುತ್ತಿತ್ತು.

"ಏನಂತ ಬೈದ?" ಎಂದು ಕೇಳಿದಳು. ತನ್ನ ದನಿ ತನಗೇ ಬೇರೆ ಯಾರದ್ದೋ ಅನ್ನಿಸಿತು.

"ಮೌನಿ ಅಂತ ಒಬ್ಬ ಇದಾನೆ," ಎಂದರು ಮೇಷ್ಟ್ರು. "ಅದು ಬಿಡಿ. ಹುಡುಗಾಟದ ವಿಷಯ."

ಅವರನ್ನು ಒಳಗೆ ಕೂರಿಸಿ ಬಾಗಿಲು ಹಾಕಿದಳು. ಗಾಜಿನಾಚೆ ಗುಡುಗು ಕೂತಿದ್ದರು, ಹೆಡ್‌ಫೋನಿನ ಎರಡು ಬಟ್ಟಲುಗಳ ನಡುವೆ. ಕುರ್ಚಿಯ ತುದಿಗೆ, ಎರಡೂ ಪಾದ ನೆಲಕ್ಕೆ ಒತ್ತಿ, ಓಡಲು ಸಿದ್ಧರಾದವರಂತೆ ಕೂತಿದ್ದರು. ಹೀಗೆ ಕೂರುತ್ತಾರೆ ಹಾಗಾದರೆ, ಎಂದುಕೊಂಡಳು. ಅವಳು ಕಲ್ಪಿಸಿಕೊಂಡಿದ್ದ ಗುಡುಗು ಸಣ್ಣ ವಯಸ್ಸಿನವನು, ದಪ್ಪಗಿನವನು, ಗಾಳಿಯಾಡದ ಕೋಣೆಯಲ್ಲಿ ಕೂತು ಉಗುರು ಕಚ್ಚುವವನು. ಆ ಹುಡುಗ ಈಗ ಎಲ್ಲಿಗೆ ಹೋದ? ಅವನನ್ನು ಬೈಯುವುದು ಎಷ್ಟು ಸುಲಭವಾಗಿತ್ತು.

ಪರೀಕ್ಷೆ ಶುರುವಾಯಿತು. ಮೇಷ್ಟ್ರು ಟಕ ಟಕ ಗುಂಡಿ ಒತ್ತಿದರು. ಬೇಕಾದ್ದಕ್ಕಿಂತ ಚೆನ್ನಾಗಿ ಒತ್ತುತ್ತಿದ್ದರು. ಅವಳು ಸದ್ದೇ ಕಳಿಸದೆ ಸುಮ್ಮನೆ ಭುಜ ಅಲ್ಲಾಡಿಸಿ ನೋಡಿದಳು. ಅವರು ಆಗಲೂ ಒತ್ತಿದರು. ಅವಳ ಭುಜ ನೋಡಿಕೊಂಡು ಆಡುತ್ತಿದ್ದರು ಅವರು, ಎದುರಾಳಿಯ ಕಾಲು ನೋಡಿ ಚೆಂಡು ಎತ್ತ ಬರುತ್ತದೆಂದು ಅಂದಾಜು ಮಾಡುವ ಹಾಗೆ. ಇಂಥವರನ್ನು ಅವಳು ಬೇಕಾದಷ್ಟು ನೋಡಿದ್ದಳು. ನೋಡಿದಾಗೆಲ್ಲ ಒಳಗೊಳಗೆ ಬೇಸರವಾಗುತ್ತಿತ್ತು. ಇವತ್ತು ಬೇಸರ ಬರಲಿಲ್ಲ. ಕುರ್ಚಿ ತಿರುಗಿಸಿ ಅವರಿಗೆ ಬೆನ್ನು ಹಾಕಿ ಕೂತಳು. ತೆಳುವಾದ ಎತ್ತರದ ಸ್ವರವೊಂದನ್ನು ಕಳಿಸಿದಳು. ಒಳಗಿನವರು ಗುಂಡಿ ಒತ್ತಿದರೆ ಅವಳ ಯಂತ್ರದಲ್ಲಿ ಹಸಿರು ದೀಪ ಹೊತ್ತಿಕೊಳ್ಳಬೇಕು. ಹೊತ್ತಲಿಲ್ಲ. ಸ್ವಲ್ಪ ಏರಿಸಿದಳು. ಹೊತ್ತಲಿಲ್ಲ. ಇನ್ನೂ ಏರಿಸಿದಳು. ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿ ಆ ದೀಪವನ್ನೇ ನೋಡುತ್ತಿದ್ದರು. ಅದು ಏನೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಆದರೂ ಅರ್ಥವಾದ ಹಾಗಿತ್ತು. ಮಡಿಲಲ್ಲಿದ್ದ ಚೀಲದ ಹಿಡಿಯನ್ನು ಸುತ್ತುತ್ತ ಸುತ್ತುತ್ತ ಬೆರಳಿಗೆ ಬಿಗಿಮಾಡಿಕೊಂಡಿದ್ದರು. "ಇಷ್ಟೊಂದಾ?" ಎಂದರು ಕೊನೆಗೆ, ತುಂಬ ಮೆಲ್ಲಗೆ. ಹಸಿರು ದೀಪ ಆಗ ಹೊತ್ತಿತು.

ಹೊರಗೆ ಬಂದ ಮೇಲೆ ಕಾಗದದಲ್ಲಿ ಗೆರೆ ತೋರಿಸಿ ವಿವರಿಸಿದಳು. ಜೋರಾದ ದಪ್ಪ ಸದ್ದು ಕೇಳುತ್ತದೆ, ತೆಳು ಸದ್ದು ಕೇಳುವುದಿಲ್ಲ. ಮಾತಿನ ಮೈ ಕೇಳುತ್ತದೆ, ಅಂಚು ಕೇಳುವುದಿಲ್ಲ. ಸಕಾರ, ಶಕಾರ, ಫಕಾರ ಉದುರಿ ಹೋಗುತ್ತವೆ. "ಸೊಪ್ಪಿನ ಸಕಾರ ಉದುರಿದ್ರೆ ಉಳಿಯೋದು ಇನ್ನೇನು ಹೇಳಿ." ಮೇಷ್ಟ್ರು ಗೆರೆ ನೋಡಿದರು. ಬಲಗಡೆಗೆ ಬರುತ್ತ ಅದು ಬಂಡೆಯ ಮೇಲಿಂದ ಬಿದ್ದ ಹಾಗೆ ಕೆಳಗಿಳಿದಿತ್ತು.

"ಗೇಮ್ ಆಡ್ತೀನಿ ನಾನು," ಎಂದರು ಇದ್ದಕ್ಕಿದ್ದಂತೆ. "ನಗಬೇಡಿ. ಆನ್‌ಲೈನಿನಲ್ಲಿ, ತಂಡ ಕಟ್ಕೊಂಡು ಆಡೋದು. ಮಂಡಿ ಹೋದ ಮೇಲೆ ಮೈದಾನ ಬಿಟ್ಟೆ, ಇದೊಂದು ಉಳೀತು. ಅದರಲ್ಲಿ ಯಾವಾಗಲೂ ನನ್ನನ್ನ ಹಿಂದಿನಿಂದ ಬಂದು ಹೊಡೀತಾರೆ. ತಂಡದ ಹುಡುಗರು ಕೇಳ್ತಾರೆ, ಹೆಜ್ಜೆ ಸಪ್ಪಳ ಕೇಳಲಿಲ್ವಾ ಅಂಕಲ್ ಅಂತ. ಯಾವ ಹೆಜ್ಜೆ? ಇವರೆಲ್ಲ ಸೇರ್ಕೊಂಡು ನನಗೆ ಟೋಪಿ ಹಾಕ್ತಿದ್ದಾರೆ ಅಂದ್ಕೊಂಡಿದ್ದೆ."

"ಅದಕ್ಕೇ ಆ ಮೌನಿ ಜೊತೆ ಜಗಳಾನಾ?" ಎಂದಳು. ಕೇಳಬಾರದಿತ್ತು. ಆದರೆ ಕೇಳದೆ ಇರಲು ಆಗಲಿಲ್ಲ.

ಅವರು ಸ್ವಲ್ಪ ಯೋಚಿಸಿದರು. "ಜಗಳ ಅಂತಲ್ಲ. ಅವನು ಶಬ್ದದ ಬಗ್ಗೆ ಪುಟಗಟ್ಟಲೆ ಬರೀತಾನೆ. ಒಂದು ಗುಯ್ ಅಂತ ಇರುತ್ತಂತೆ, ಅದರ ಕೆಳಗೆ ಒಂದು ಗರ್ ಅಂತ ಇರುತ್ತಂತೆ. ನನಗೆ ಒಂದೂ ತಲೆಗೆ ಹೋಗ್ತಿರಲಿಲ್ಲ. ಇವನು ಏನು ಕೇಳಿಸ್ಕೊಳ್ತಿದ್ದಾನೆ ಅಂತ ತಿಳಿಯೋ ಆಸೆ. ಸರಿಯಾಗಿ ಹೇಳಪ್ಪ ಅಂದ್ರೆ ಯಾರು ಹೇಳ್ತಾರೆ? ಇಲ್ಲ ಅಂದ್ರೆ ಸಾಕು, ಇನ್ನೆರಡು ಪುಟ ಬರೀತಿದ್ದ." ಹೇಳಿ, ಆ ಜಾಣತನಕ್ಕೆ ತಾವೇ ಸ್ವಲ್ಪ ನಕ್ಕರು. ನಗು ಅರ್ಧಕ್ಕೇ ನಿಂತಿತು. "ಅವನು ಹೇಳಿದ್ದು ಸರೀನೇ ಇತ್ತು. ಸುಳ್ಳಾಗಿದ್ರೆ ನಾನೂ ನಾಲ್ಕು ಬಾರಿಸ್ತಿದ್ದೆ."

ಕಿವಿಯ ಹಿಂದೆ ಕೂರುವ ಶ್ರವಣಯಂತ್ರಗಳನ್ನು ಅಳವಡಿಸುವಾಗ ಅವಳ ಬೆರಳುಗಳಿಗೆ ಅವರ ಕೂದಲು ತಾಗಿತು, ಒರಟಾಗಿ, ಬೆಳ್ಳಗೆ. ಇವರ ‘ಇಲ್ಲ’ಗಳನ್ನೆಲ್ಲ ಅವಳು ಹಟವೆಂದೇ ಓದಿದ್ದಳು. ಅವೆಲ್ಲ ಪ್ರಶ್ನೆಗಳಾಗಿದ್ದವು. ಯಂತ್ರ ಚಾಲೂ ಮಾಡಿದಳು. ಮೇಷ್ಟ್ರು ಕತ್ತು ತಿರುಗಿಸದೆ ಕಣ್ಣು ಮಾತ್ರ ತಿರುಗಿಸಿದರು. ತಮ್ಮ ಅಂಗಿಯ ತೋಳನ್ನು ಇನ್ನೊಂದು ಕೈಯಿಂದ ಸವರಿದರು, ಮತ್ತೆ ಸವರಿದರು. "ಬಟ್ಟೆಗೆ ಸದ್ದಿದೆ," ಎಂದರು.

"ನಾನು ಗೊಣಗ್ತಿದೀನಾ ಈಗ?" ಎಂದರು ಹೆಂಡತಿ.

ಅವರು ಹೆಂಡತಿಯನ್ನು ಬಹಳ ಹೊತ್ತು ನೋಡಿದರು. "ನಿನ್ನ ದನಿ ಇಷ್ಟು ಚೂಪಾಗಿತ್ತಾ?"

"ಮೊದಲಿಂದಾನೂ ಇಷ್ಟೇ," ಎಂದು ಹೆಂಡತಿ ಮುಖ ತಿರುಗಿಸಿಕೊಂಡು, ಚೀಲದಲ್ಲಿ ಏನನ್ನೋ ಹುಡುಕತೊಡಗಿದರು. ಹುಡುಕಿದ್ದು ಸಿಗಲಿಲ್ಲವೋ, ಸಿಗುವುದು ಬೇಡವಾಗಿತ್ತೋ, ಎದ್ದು ಹೊರಗಿನ ಬೆಂಚಿಗೆ ಹೋಗಿ ಕೂತರು.

ಕೊನೆಯದು ಮಾತಿನ ಪರೀಕ್ಷೆ. ಮೇಷ್ಟ್ರು ಮತ್ತೆ ಒಳಗೆ ಕೂತರು, ಈ ಸಲ ಹೆಡ್‌ಫೋನಿಲ್ಲದೆ. ಅವಳು ಮೈಕಿನ ಮುಂದೆ, ತುಟಿ ಕಾಣದ ಹಾಗೆ ಒಂದು ರಟ್ಟು ಅಡ್ಡ ಹಿಡಿದು, ಪಟ್ಟಿಯಲ್ಲಿದ್ದ ಒಂದೊಂದೇ ಮಾತು ಹೇಳಬೇಕು. ಅವರು ಕೇಳಿಸಿದ್ದನ್ನು ಹಾಗೇ ತಿರುಗಿ ಹೇಳಬೇಕು. ಕಸ, ಎಂದಳು. ಕಸ, ಎಂದರು. ಶಾಲೆ. ಶಾಲೆ. ಸೂಜಿ. ಸೂಜಿ. ಹಸಿವು. ಹಸಿವು. ಒಂದೂ ತಪ್ಪಲಿಲ್ಲ. ಅವರ ಮುಖ ಅರಳುತ್ತ ಬಂತು. ತಪ್ಪದೆ ಹೇಳಿ ಮುಗಿಸಿದ ಹುಡುಗನ ಹೆಮ್ಮೆಯಲ್ಲಿ ಪ್ರತಿ ಮಾತಿಗೂ ಅವರ ಗದ್ದ ಒಂದಿಷ್ಟು ಮೇಲೇರುತ್ತಿತ್ತು. ಪಟ್ಟಿ ಮುಗಿದಿತ್ತು. ರಟ್ಟು ಇನ್ನೂ ಅವಳ ತುಟಿಯ ಮುಂದಿತ್ತು. ಅದರ ಹಿಂದೆ ಏನು ಹೇಳಿದರೂ ಅದು ಬರೀ ದನಿ, ಮುಖವಿಲ್ಲದ್ದು. ಫೋರಂನಲ್ಲೂ ಹೀಗೇ ಇತ್ತಲ್ಲ, ಎಂದು ಅನ್ನಿಸುವ ಹೊತ್ತಿಗೆ ಬಾಯಿ ಹೇಳಿಬಿಟ್ಟಿತ್ತು.

"ಮೌನಿ ನಾನೇ."

"ಮೌನಿ ನಾನೇ," ಎಂದರು ಮೇಷ್ಟ್ರು, ಸ್ಪಷ್ಟವಾಗಿ, ಅದೇ ಹೆಮ್ಮೆಯಲ್ಲಿ.

ಗಾಜಿನಾಚೆ ಅವರ ಗದ್ದ ಮೇಲೇರಿದ್ದು ಹಾಗೇ ನಿಂತಿತ್ತು. ಮುಖದಿಂದ ಮಾತ್ರ ಅರಳಿದ್ದೆಲ್ಲ ನಿಧಾನವಾಗಿ ಹಿಂದಕ್ಕೆ ಹೋಯಿತು. ಅವಳು ರಟ್ಟು ಕೆಳಗಿಟ್ಟಳು.

"ಇದು ಪಟ್ಟಿಯಲ್ಲಿದೆಯಾ?" ಎಂದು ಕೇಳಿದರು.

"ಇಲ್ಲ."

"ಮೌನಿ ಹೆಂಗಸಾ?"

"ಹೌದು."

ಅವರು ಎದ್ದು ದಪ್ಪ ಬಾಗಿಲು ತಾವೇ ತಳ್ಳಿಕೊಂಡು ಹೊರಗೆ ಬಂದರು. ಯಂತ್ರಗಳನ್ನು ಕಿತ್ತು ಮೇಜಿನ ಮೇಲೆ ಎಸೆಯುತ್ತಾರೆಂದು ಅವಳು ಕಾದಳು. ಅದಾದರೆ ಒಳ್ಳೆಯದು ಎಂದೂ ಅನ್ನಿಸುತ್ತಿತ್ತು, ಲೆಕ್ಕ ಚುಕ್ತಾ ಆದ ಹಾಗೆ. ಅವರು ಕಿತ್ತು ಹಾಕಲಿಲ್ಲ. ಅವಳ ಎದುರು ನಿಂತು, ಮೈದಾನದ ನಡುವೆ ತಪ್ಪಿತಸ್ಥನನ್ನು ಹತ್ತಿರ ಕರೆದು ಮಾತಾಡುವ ದನಿಯಲ್ಲಿ ಹೇಳಿದರು. "ನೋಡಿ ಮೇಡಂ. ಬೇರೆ ಯಾರೋ ಕಿವುಡ ಅಂದಿದ್ರೆ ಅದು ಬೈಗುಳ. ಆಟದಲ್ಲಿ ಮೈಗೆ ಮೈ ತಾಗುತ್ತೆ, ನಾನು ಸೀಟಿ ಊದ್ತಿರಲಿಲ್ಲ. ನೀವು ಇದೇ ಕೆಲಸ ಮಾಡೋರು. ಎಲ್ಲಿ ನೋವಿದೆ ಅಂತ ಗೊತ್ತಿದ್ದು, ನೋಡ್ಕೊಂಡು, ಅಲ್ಲೇ ಒದ್ದಿರಿ. ಅದು ಫೌಲು."

"ಹೌದು," ಎಂದಳು. "ನಿಮಗೆ ನಿಜವಾಗ್ಲೂ ಕೇಳಲ್ಲ ಅಂತ ನಾನು ಅಂದ್ಕೊಂಡಿರಲಿಲ್ಲ. ನಗಿಸೋಕೆ ಬರೆದೆ."

"ಅದು ಇನ್ನೂ ಕೆಟ್ಟದ್ದು."

ಅದಕ್ಕೂ ಅವಳು ಹೌದು ಎಂದಳು. ತಪ್ಪಾಯ್ತು ಎಂದೂ ಹೇಳಿದಳು. ಆ ಪದ ಅಷ್ಟು ಚಿಕ್ಕದಾಗಿ, ಅಷ್ಟು ಬೇಗ ಮುಗಿದುಹೋಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಕೇಳಿಸಿಕೊಂಡರು. ಈಗ ಅವರಿಗೆ ಎಲ್ಲವೂ ಕೇಳಿಸುತ್ತಿತ್ತು, ಅವಳು ಉಗುಳು ನುಂಗಿದ್ದು ಕೂಡ. "ಇಲ್ಲಿ ಹೇಳಿದ್ದು ಇಲ್ಲಿಗಾಯ್ತು," ಎಂದರು. "ಅಲ್ಲಿ ಬರೆದದ್ದು ಅಲ್ಲೇ ಇದೆ." ಆಮೇಲೆ ಹುಬ್ಬು ಗಂಟಿಕ್ಕಿ ಕೋಣೆಯ ಸುತ್ತ ನೋಡಿದರು, ಬಾಗಿಲಲ್ಲಿ ಯಾರೋ ಕರೆದವರಂತೆ. "ಏನದು?"

"ಯಾವುದು?"

"ಆಗಿನಿಂದ ಇದೆ. ನಿಲ್ತಾನೇ ಇಲ್ಲ."

ಅವಳು ಮೇಜಿನ ಕೆಳಗಿದ್ದ ಕಂಪ್ಯೂಟರನ್ನು ತೋರಿಸಿದಳು. ಮೇಷ್ಟ್ರು ಅದರ ಹತ್ತಿರ ಹೋದರು. ಹೋದ ಮಂಡಿಯನ್ನು ಕೈಯಿಂದ ಹಿಡಿದುಕೊಂಡು, ಮೇಜಿನ ಅಂಚಿಗೆ ಭಾರ ಕೊಟ್ಟು, ಮೆಲ್ಲಗೆ ನೆಲಕ್ಕಿಳಿದು ಪೆಟ್ಟಿಗೆಯ ಪಕ್ಕ ಕಿವಿಯಿಟ್ಟರು. "ಇದೇನಾ?" ಎಂದರು. "ನೀವು ಅಷ್ಟೊಂದು ಬರೆದದ್ದು ಇದರ ಮೇಲೇನಾ?"

"ಇಂಥದ್ದರ ಮೇಲೇ."

ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಬೇಸಿಗೆ ರಜೆ ಮುಗಿದ ಮೊದಲ ದಿನ ಶಾಲೆಯ ಹಿಂದಿನ ಬೀದಿಯಲ್ಲಿ ನಡೆದು ಬರುವಾಗ ಹೀಗೇ ಇರುತ್ತಿತ್ತು ಎಂದರು. ಮಕ್ಕಳು ಕಾಣುವುದಿಲ್ಲ, ಯಾರು ಏನು ಕೂಗುತ್ತಿದ್ದಾರೋ ತಿಳಿಯುವುದಿಲ್ಲ, ಗೋಡೆಯಾಚೆಯಿಂದ ಒಟ್ಟು ಗೌಜು ಮಾತ್ರ. "ಇದೊಂದು ಶಬ್ದ ಇದೆ ಅಂತ ಒಪ್ತೀನಿ. ನಾನು ತಪ್ಪು. ಆದರೆ ಇದರಿಂದ ತೊಂದರೆ ಅಂತ ಮಾತ್ರ ಒಪ್ಪಲ್ಲ. ಚೆನ್ನಾಗೇ ಇದೆಯಲ್ಲ ಇದು."

"ನೀವು ಕೇಳ್ತಿರೋದು ದೊಡ್ಡ ಫ್ಯಾನು," ಎಂದಳು ಅವಳು. ಬಾಯಿಗೆ ತಾನಾಗಿ ಮೌನಿಯ ಹಟ ಬಂದಿತ್ತು. "ಅದರ ಒಳಗೆ ಇನ್ನೊಂದಿದೆ, ಸಣ್ಣ ಕೀರಲು. ಅದು ತೊಂದರೆ."

"ಎಲ್ಲಿದೆ?"

ಅವಳೂ ಬಿಳಿ ಕೋಟು ಮಡಿಚಿಕೊಂಡು ಮೊಣಕಾಲೂರಿದಳು. ಅವರು ಸರಿದು ಜಾಗ ಕೊಟ್ಟರು. ನೆಲದಿಂದ ಫಿನಾಯಿಲಿನ ವಾಸನೆ ಬರುತ್ತಿತ್ತು, ಪೆಟ್ಟಿಗೆಯ ಜಾಲರಿಯಿಂದ ಬೆಚ್ಚಗಿನ ಧೂಳಿನದು. ವರ್ಷಗಟ್ಟಲೆ ಅವಳು ಈ ಸದ್ದನ್ನು ಕೇಳಿದ್ದು ಅದನ್ನು ಹೊರಗಟ್ಟುವುದಕ್ಕೆ ಮಾತ್ರ. ಗೌಜು, ಎಂದುಕೊಂಡು ಕೇಳಿದಳು, ಗೋಡೆಯಾಚೆಯ ಗೌಜು. ಒಂದು ಗಳಿಗೆ ಹಾಗೇ ಕೇಳಿತು ಕೂಡ. ಮತ್ತೆ ಫ್ಯಾನಾಯಿತು. ಬಾಗಿಲ ಸಂದಿಯಿಂದ ಹೆಂಡತಿ ಇಣುಕಿ, "ಏನು ಕಳ್ಕೊಂಡ್ರಿ ಇಬ್ಬರೂ?" ಎಂದು ಕೇಳಿದರು. ಅವಳು ಕೋಟು ಕೊಡವಿಕೊಂಡು ಎದ್ದಳು. ಒಂದು ವಾರ ಇಟ್ಟುಕೊಂಡು ನೋಡಿ ಎಂದು ಯಂತ್ರಗಳನ್ನು ಮೇಷ್ಟ್ರ ಕಿವಿಯಲ್ಲೇ ಬಿಟ್ಟು ಕಳಿಸಿದಳು.

ಆ ಸಂಜೆ ಮನೆಗೆ ಬಂದವಳೇ ಕೂತು ಬರೆದಳು. ಮೊದಲು ಬರೆದದ್ದರಲ್ಲಿ ಚಿಕ್ಕಮ್ಮನ ವಿಷಯವೂ ಬಂದಿತ್ತು, ರೇಗಿ ಹೋದ ರೋಗಿಯ ವಿಷಯವೂ ಬಂದಿತ್ತು. ಓದಿ ನೋಡಿದರೆ ಅದು ಕ್ಷಮೆ ಕೇಳುವ ಹಾಗಿರಲಿಲ್ಲ, ಕನಿಕರ ಕೇಳುವ ಹಾಗಿತ್ತು. ಅಳಿಸಿದಳು. ನಾನು ಕಿವಿ ಪರೀಕ್ಷೆ ಮಾಡುವ ಕೆಲಸದವಳು, ಎಂದು ಬರೆದಳು. ಗುಡುಗು ಅವರಿಗೆ ನಾನು ಹೇಳಿದ ಮಾತನ್ನು ಯಾರೂ ಹೇಳಬಾರದು, ನಾನಂತೂ ಹೇಳಲೇಬಾರದಿತ್ತು. ಆ ಸಾಲಿನ ಕೆಳಗೇ ಇದೂ ಇರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ಕಳಿಸಿ, ಅಡಿಗೆಮನೆಯಲ್ಲಿದ್ದ ಗಂಡನ ಹತ್ತಿರ ಹೋಗಿ, ಅವನು ಫೋರಂನಲ್ಲಿ ಓದುವ ಮೊದಲು, ಮೌನಿ ಯಾರೆಂದು ತಾನೇ ಹೇಳಿದಳು. ಅವನ ಕೈಯಲ್ಲಿದ್ದ ಪಾತ್ರೆ ನೀರು ಸುರಿಸುತ್ತ ಹಾಗೇ ನಿಂತಿತು. "ಇಷ್ಟು ದಿನ ನಾನು ನಿನ್ನ ಮುಂದೇನೇ ನಿನ್ನ ಹೊಗಳ್ತಿದ್ನಾ?" ಎಂದ. ಸ್ವಲ್ಪ ಹೊತ್ತಿನ ಮೇಲೆ, "ಬೈದದ್ದೂ ಉಂಟಲ್ಲ," ಎಂದು ಸೇರಿಸಿದ. ಆಮೇಲೆ ಅವನು ಪಾತ್ರೆ ತೊಳೆಯತೊಡಗಿದ. ಅವನಿಗೆ ನೋವಾದದ್ದು ಯಾವುದರಿಂದ ಎಂದು ಅವಳಿಗೆ ಪೂರ್ತಿ ಗೊತ್ತಾಗಲಿಲ್ಲ. ಕೇಳಬೇಕು, ಎಂದುಕೊಂಡಳು.

ಫೋರಂನಲ್ಲಿ ಆದದ್ದು ಅವಳು ಎಣಿಸಿದ ಹಾಗಲ್ಲ. ಕ್ಷಮೆಯ ಮಾತನ್ನು ಯಾರೂ ಹೆಚ್ಚು ಮುಟ್ಟಲಿಲ್ಲ. ಮೌನಿ ಹೆಂಗಸಂತೆ ಎಂಬುದೇ ಸುದ್ದಿಯಾಯಿತು. ನಿನ್ನೆ ತನಕ ಗುರುವೇ ಎನ್ನುತ್ತಿದ್ದ ಕರಿಬೆಕ್ಕು, ಅಕ್ಕಾ, ನಿಮ್ಮ ಕಂಪ್ಯೂಟರ್ ಜೋಡಿಸಿಕೊಟ್ಟವರು ಯಾರು ಎಂದು ಕೇಳಿದ. ನಾನೇ ಎಂದು ಬರೆದಳು. ಅದಕ್ಕೂ ನಗುವ ಮುಖಗಳು ಬಂದವು. ಮೂರು ವರ್ಷದಿಂದ ಅವಳು ಫ್ಯಾನುಗಳ ಮೇಲೆ ಬರೆದದ್ದನ್ನೆಲ್ಲ ಈಗ ಒಂಟಿಸಲಗ ಅಗೆದು ತೆಗೆದು ತಪ್ಪು ಹುಡುಕತೊಡಗಿದ. ಒಂದೆರಡು ಸಿಕ್ಕಿದವು ಕೂಡ. ಮುಖ ಬಿಸಿಯಾಗುತ್ತಿತ್ತು. ಫೋರಂ ಮುಚ್ಚಿ, ಮತ್ತೆ ತೆರೆದು, ಒಂದು ನಗುಮುಖವನ್ನೂ ಬಿಡದೆ ನೋಡಿದಳು. ಮೇಷ್ಟ್ರೂ ಹೀಗೇ ನೋಡಿರಬೇಕು.

ಗುಡುಗು ಬರೆದದ್ದು ಎರಡು ದಿನ ಬಿಟ್ಟು, ಒಂದು ರಜೆಯ ಮಧ್ಯಾಹ್ನ. ಅವಳ ಕ್ಷಮೆಯ ಬಗ್ಗೆ ಒಂದೇ ಒಂದು ಸಾಲು: ನೋಡಿದೆ. ಉಳಿದದ್ದೆಲ್ಲ ಆಟದ ಬಗ್ಗೆ. ಕಿವಿಗೆ ಯಂತ್ರ ಹಾಕಿಸಿಕೊಂಡಿದ್ದೇನೆ, ನಗುವವರು ನಗಬಹುದು. ಅದರ ಮೇಲೆ ಹೆಡ್‌ಫೋನ್ ಹಾಕಿದರೆ ಕುಯ್ ಎನ್ನುತ್ತದೆ, ಅದಕ್ಕೆ ಸ್ಪೀಕರ್ ಇಟ್ಟುಕೊಂಡು ಆಡಿದೆ. ಹೆಂಡತಿ ಬೈದಳು, ಅದೂ ಕೇಳಿಸಿತು. ಒಂದು ಪಾಳು ಕಟ್ಟಡದಲ್ಲಿ ನಿಂತಿದ್ದೆ. ಮೊಟ್ಟಮೊದಲ ಸಲ ಬೆನ್ನ ಹಿಂದೆ ಹೆಜ್ಜೆ ಕೇಳಿತು, ಜಲ್ಲಿಯ ಮೇಲೆ ನಡೆದ ಹಾಗೆ, ಹತ್ತಿರ ಹತ್ತಿರ. ಇಷ್ಟು ವರ್ಷದಲ್ಲಿ ಇದೇ ಮೊದಲು ಸರಕ್ಕನೆ ತಿರುಗಿ ಗುಂಡು ಹಾರಿಸಿದೆ. ಬಿದ್ದವನು ನಮ್ಮ ತಂಡದವನೇ. ನನ್ನನ್ನು ಕಾಯಲು ಬಂದಿದ್ದನಂತೆ. ಈಗ ತಂಡದವರೆಲ್ಲ ಸೇರಿ ಬೈಯುತ್ತಿದ್ದಾರೆ, ಅಂಕಲ್ ಮೊದಲೇ ಚೆನ್ನಾಗಿದ್ದರು ಅಂತ. ಮೌನಿ ಅವರಿಗೆ ಒಂದು ಪ್ರಶ್ನೆ. ಹಿಂದೆ ಬರುತ್ತಿರುವವನು ನಮ್ಮವನೋ ಎದುರಾಳಿಯೋ ಎಂದು ಬರೀ ಹೆಜ್ಜೆಯ ಸದ್ದಿನಿಂದ ಹೇಗೆ ತಿಳಿಯಬೇಕು?

ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ಸದ್ದು ಬರುವ ದಿಕ್ಕನ್ನು ಎರಡು ಕಿವಿ ಸೇರಿ ಹೇಗೆ ಹುಡುಕುತ್ತವೆ, ಮಂದವಾಗಿದ್ದ ಕಿವಿ ಮತ್ತೆ ಕಲಿಯಲು ಎಷ್ಟು ಕಾಲ ಬೇಕು, ಸ್ಪೀಕರುಗಳನ್ನು ಎಲ್ಲಿ ಇಡಬೇಕು ಎಂದು ಒಂದು ಪುಟದಷ್ಟು ಬರೆದಳು. ಎಲ್ಲವೂ ಸರಿಯಾಗಿತ್ತು. ಕೇಳಿದ ಪ್ರಶ್ನೆಗೆ ಮಾತ್ರ ಅದರಲ್ಲೆಲ್ಲೂ ಉತ್ತರವಿರಲಿಲ್ಲ. ಅವಳು ಆ ಆಟವನ್ನು ಒಂದು ದಿನವೂ ಆಡಿರಲಿಲ್ಲ, ಅದರೊಳಗೆ ಯಾರ ಹೆಜ್ಜೆಯನ್ನೂ ಕೇಳಿರಲಿಲ್ಲ. ಬರೆದದ್ದನ್ನೆಲ್ಲ ಅಳಿಸಿದಳು. ನನಗೆ ಗೊತ್ತಿಲ್ಲ ಮೇಷ್ಟ್ರೇ, ಎಂದು ಬರೆಯಲು ಹೋಗಿ, ಅವರು ಮೇಷ್ಟ್ರೆಂದು ಅಲ್ಲಿ ಯಾರಿಗೂ ತಿಳಿಯಬಾರದೆಂದು ನೆನಪಾಗಿ, ಆ ಒಂದು ಪದ ತೆಗೆದಳು. ನನಗೆ ಗೊತ್ತಿಲ್ಲ. ಹತ್ತಿರ ಬರುವಾಗ ಆ ಹೆಜ್ಜೆ ಹೇಗಿತ್ತು, ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಕಳಿಸಿ, ಮೊಣಕೈ ಮೇಜಿಗೂರಿ ಕಾದಳು. ಪರದೆಯ ಕೆಳಗೆ, ಗುಡುಗು ಬರೆಯುತ್ತಿದ್ದಾರೆ ಎಂದು ಬಂತು. ಬಹಳ ಹೊತ್ತು ಅದು ಹಾಗೇ ಇತ್ತು.